ಗೆರೆಯ ಮೇಲೆ ನಿಂತವರು ಒಳಗೋ, ಹೊರಗೋ?

ಶಾಲೆಯ ಗಣಿತ ನಮ್ಮನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಎಕ್ಸ್‌ನ ಬೆಲೆ ಎಷ್ಟು? ಕಾಲೇಜು ಮುಗಿಸಿ ಕೆಲಸ ಹುಡುಕುವ ಹೊತ್ತಿಗೆ ಹಾಗೆ ಕೇಳುವವರು ಯಾರೂ ಸಿಗುವುದಿಲ್ಲ. ಆಗ ಎದುರಾಗುವ ಮಾತುಗಳೇ ಬೇರೆ. ‘ಕನಿಷ್ಠ ಶೇ 60 ಅಂಕ ಪಡೆದಿರಬೇಕು’, ‘35 ವರ್ಷ ಮೀರಿರಬಾರದು’, ‘ಎರಡು ವರ್ಷಕ್ಕಿಂತ ಹೆಚ್ಚು ಅನುಭವ ಇರಬೇಕು’. ಇವುಗಳಲ್ಲಿ ಒಂದೂ ಸಮೀಕರಣವಲ್ಲ, ಎಲ್ಲವೂ ಅಸಮತೆಗಳು. ಉತ್ತರ ಒಂದು ಸಂಖ್ಯೆಯಲ್ಲ, ಒಂದು ಇಡೀ ಪ್ರದೇಶ. ನಾವು ಆ ಪ್ರದೇಶದ ಒಳಗಿದ್ದೇವೋ ಹೊರಗಿದ್ದೇವೋ ಎಂಬುದಷ್ಟೇ ಪ್ರಶ್ನೆ.

ಹೀಗಿದ್ದರೂ ಅಸಮತೆಗಳಿಗೆ ನಮ್ಮ ಓದಿನಲ್ಲಿ ಸಿಕ್ಕಿರುವ ಜಾಗ ತೀರಾ ಚಿಕ್ಕದು. ಎನ್‌ಸಿಇಆರ್‌ಟಿ ಆಧಾರದ ಹತ್ತನೇ ತರಗತಿ ಗಣಿತದಲ್ಲಿ ಅದಕ್ಕೊಂದು ಪ್ರತ್ಯೇಕ ಅಧ್ಯಾಯವೇ ಇಲ್ಲ. ಪಿಯುನಲ್ಲಿ ಗಣಿತ ತೆಗೆದುಕೊಂಡವರಿಗೆ ಒಂದು ಪುಟ್ಟ ಅಧ್ಯಾಯ ಸಿಗುತ್ತದೆ. ಅದನ್ನೂ ಹೆಚ್ಚಿನವರು ‘ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗಿಸು’ ಎಂಬ ಒಂದು ಸಾಲು ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಚಿತ್ರ ಬರೆಯುವ ಕೆಲಸ ಕೊನೆಯ ಸ್ಥಾನಕ್ಕೆ ಹೋಗುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಅಸಮತೆಯಲ್ಲಿ ಚಿತ್ರವೇ ಮೊದಲು, ಲೆಕ್ಕ ಆಮೇಲೆ. ಸಂಖ್ಯಾರೇಖೆ ಮತ್ತು ಗ್ರಾಫ್ ಬಿಟ್ಟು ಅಸಮತೆ ಕಲಿಸುವುದೆಂದರೆ ನಕ್ಷೆ ಕೊಡದೆ ಊರಿನ ದಾರಿ ಹೇಳಿದ ಹಾಗೆ.

ಚುಕ್ಕಿಯಲ್ಲಿರುವ ವ್ಯತ್ಯಾಸ

ಸಂಖ್ಯಾರೇಖೆಯ ಮೇಲೆ ಅಸಮತೆ ತೋರಿಸುವಾಗ ಮಾಡಬೇಕಾದ ಕೆಲಸ ಎರಡೇ. ಯಾವ ಕಡೆಗೆ ಬಾಣ ಎಳೆಯಬೇಕು ಎಂದು ನಿರ್ಧರಿಸುವುದು ಒಂದು. ಗಡಿಯಲ್ಲಿರುವ ಸಂಖ್ಯೆಯ ಮೇಲೆ ಯಾವ ಚುಕ್ಕಿ ಇಡಬೇಕು ಎಂದು ನಿರ್ಧರಿಸುವುದು ಇನ್ನೊಂದು. ಗಡಿಯ ಸಂಖ್ಯೆಯೂ ಸೇರುವುದಾದರೆ ತುಂಬಿದ ಚುಕ್ಕಿ, ಸೇರದಿದ್ದರೆ ಖಾಲಿ ಚುಕ್ಕಿ. ನೋಡಲು ಮಕ್ಕಳಾಟದಂತೆ ಕಾಣುತ್ತದೆ. ಆದರೆ ಗೆರೆಯ ಮೇಲೆಯೇ ನಿಂತಿರುವ ಮನುಷ್ಯನ ಹಣೆಬರಹವನ್ನು ಬರೆಯುವುದು ಈ ಚುಕ್ಕಿಯೇ.

ನಮ್ಮ ಸಂವಿಧಾನದ 326ನೇ ವಿಧಿ ಮತದಾರನ ವಯಸ್ಸು 18ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ. ಅಂದರೆ 18ರ ಮೇಲೆ ತುಂಬಿದ ಚುಕ್ಕಿ, ಬಾಣ ಬಲಕ್ಕೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ವರ್ಷ ಪೂರೈಸದವರು ಮಕ್ಕಳು. ಇಲ್ಲಿ 18ರ ಮೇಲೆ ಖಾಲಿ ಚುಕ್ಕಿ, ಬಾಣ ಎಡಕ್ಕೆ. ಎರಡನ್ನೂ ಒಂದೇ ರೇಖೆಯ ಮೇಲೆ ಬರೆದು ನೋಡಿ. ನಡುವೆ ಸಂದು ಉಳಿಯುವುದಿಲ್ಲ, ಒಂದರ ಮೇಲೊಂದು ಹತ್ತುವುದೂ ಇಲ್ಲ. ಎರಡೂ ಕಡೆ ಖಾಲಿ ಚುಕ್ಕಿ ಇಟ್ಟಿದ್ದರೆ ಹದಿನೆಂಟನೇ ಹುಟ್ಟುಹಬ್ಬದ ದಿನ ಒಬ್ಬ ಮಗುವೂ ಅಲ್ಲ, ಮತದಾರನೂ ಅಲ್ಲ ಎಂಬಂತಾಗುತ್ತಿತ್ತು.

ಚುನಾವಣೆಯ ಫಲಿತಾಂಶದ ದಿನ ಟಿ.ವಿ.ಯಲ್ಲಿ ಕೇಳುವ ‘ಮ್ಯಾಜಿಕ್ ನಂಬರ್ 113’ ಕೂಡ ಒಂದು ಅಸಮತೆಯೇ. ಕರ್ನಾಟಕ ವಿಧಾನಸಭೆಯ ಸ್ಥಾನಗಳು 224, ಅರ್ಧ ಎಂದರೆ 112. ಬಹುಮತಕ್ಕೆ ಬೇಕಾದದ್ದು ಅರ್ಧವಲ್ಲ, ಅರ್ಧಕ್ಕಿಂತ ಹೆಚ್ಚು. ಹಾಗಾಗಿ 112ರ ಮೇಲೆ ಖಾಲಿ ಚುಕ್ಕಿ. ಶಾಸಕರ ಸಂಖ್ಯೆ ಪೂರ್ಣಾಂಕವೇ ಆಗಿರಬೇಕಾದ್ದರಿಂದ ಮುಂದಿನ ನೆಲೆ 113. ಅಂಕದ ಶೇಕಡಾವಾರಿಗೆ ಈ ಅನುಕೂಲ ಇಲ್ಲ. 59.9 ಇದೆ, 59.99 ಇದೆ, ಎಷ್ಟು ಹತ್ತಿರ ಹೋದರೂ 60 ಅಲ್ಲ. ಅದಕ್ಕಾಗಿಯೇ ‘ದಶಮಾಂಶವನ್ನು ಪೂರ್ಣಾಂಕಕ್ಕೆ ಏರಿಸುವುದಿಲ್ಲ’ ಎಂದು ಅಧಿಸೂಚನೆಯಲ್ಲಿ ಒಂದು ಸಾಲು ಇದ್ದರೆ ಅದನ್ನು ಎರಡು ಸಲ ಓದಬೇಕು.

ಈ ಚಿಹ್ನೆಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಸಮ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ಬಳಕೆಗೆ ತಂದರು. ‘ಹೆಚ್ಚು’, ‘ಕಡಿಮೆ’ ಎನ್ನುವ ಚಿಹ್ನೆಗಳು ಅಚ್ಚಾದದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷದ ಮೇಲೆ ಬಂದ ಅವರ ಪುಸ್ತಕದಲ್ಲಿ. ಅವುಗಳ ಕೆಳಗೆ ಸಮ ಚಿಹ್ನೆ ಸೇರಿಸಿ ‘ಅಥವಾ ಸಮ’ ಎಂದು ಪಿಯರ್ ಬುಗೇರ್ ಬರೆದದ್ದು 1734ರಲ್ಲಿ. ಗಡಿಯಲ್ಲಿ ನಿಂತವನನ್ನು ಒಳಗೆ ಸೇರಿಸುವ ಗೆರೆ ಬರಲು ಅಷ್ಟು ಕಾಲ ಬೇಕಾಯಿತು. ನಾವು ಆ ಗೆರೆಯನ್ನು ಗಮನಿಸದೆ ಮುಂದೆ ಹೋಗುತ್ತೇವೆ.

ಚಿಹ್ನೆ ತಿರುಗುವುದು ಯಾಕೆ?

3 ಎಂಬುದು 5ಕ್ಕಿಂತ ಚಿಕ್ಕದು. ಎರಡನ್ನೂ −1ರಿಂದ ಗುಣಿಸಿದರೆ −3 ಎಂಬುದು −5ಕ್ಕಿಂತ ದೊಡ್ಡದು. ಇದನ್ನು ನಿಯಮವೆಂದು ಉರು ಹೊಡೆಯುವ ಬದಲು ಸಂಖ್ಯಾರೇಖೆಯ ಮೇಲೆ ಸೊನ್ನೆಯ ಹತ್ತಿರ ಒಂದು ಕನ್ನಡಿ ಇಟ್ಟಂತೆ ಯೋಚಿಸಿ. ಬಲಗಡೆ ದೂರ ಇದ್ದದ್ದು ಕನ್ನಡಿಯಲ್ಲಿ ಎಡಗಡೆ ದೂರ ಹೋಗುತ್ತದೆ, ಅಷ್ಟೇ. ಮೂರು ಸಾವಿರ ಸಾಲ ಇರುವವನ ಸ್ಥಿತಿ ಐದು ಸಾವಿರ ಸಾಲ ಇರುವವನಿಗಿಂತ ಮೇಲು ಎಂಬುದು ಯಾರಿಗೆ ಗೊತ್ತಿಲ್ಲ?

ಈ ತಿರುಗುವಿಕೆ ಉದ್ಯೋಗಾಕಾಂಕ್ಷಿಗಳಿಗೆ ಪ್ರತಿ ಅಧಿಸೂಚನೆಯಲ್ಲೂ ಎದುರಾಗುತ್ತದೆ. ಯುಪಿಎಸ್‌ಸಿಯ 2025ರ ನಾಗರಿಕ ಸೇವಾ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ವರ್ಗದ ಅಭ್ಯರ್ಥಿಗೆ 2025ರ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು, 32 ವರ್ಷ ತುಂಬಿರಬಾರದು. ವಯಸ್ಸಿನ ರೇಖೆಯಲ್ಲಿ 21ರ ಮೇಲೆ ತುಂಬಿದ ಚುಕ್ಕಿ, 32ರ ಮೇಲೆ ಖಾಲಿ ಚುಕ್ಕಿ, ನಡುವಿನ ಭಾಗಕ್ಕೆ ದಪ್ಪ ಗೆರೆ. ಅದೇ ಷರತ್ತನ್ನು ಆಯೋಗ ಹುಟ್ಟಿದ ದಿನಾಂಕದಲ್ಲೂ ಹೇಳಿತ್ತು: 1993ರ ಆಗಸ್ಟ್ 2ಕ್ಕಿಂತ ಮೊದಲು ಹುಟ್ಟಿರಬಾರದು, 2004ರ ಆಗಸ್ಟ್ 1ರ ನಂತರವೂ ಹುಟ್ಟಿರಬಾರದು.

ಎರಡು ರೇಖೆಗಳನ್ನು ಒಂದರ ಕೆಳಗೊಂದು ಬರೆದರೆ ತಿರುವು ಕಣ್ಣಿಗೆ ಬೀಳುತ್ತದೆ. ವಯಸ್ಸು ಎಂದರೆ ಇಂದಿನ ದಿನಾಂಕದಿಂದ ಹುಟ್ಟಿದ ದಿನಾಂಕವನ್ನು ಕಳೆದದ್ದು. ಆ ಕಳೆಯುವ ಚಿಹ್ನೆಯೇ ದಿಕ್ಕನ್ನು ಬದಲಿಸುತ್ತದೆ. ಕನಿಷ್ಠ ವಯಸ್ಸು ಗರಿಷ್ಠ ದಿನಾಂಕವಾಗುತ್ತದೆ, ಗರಿಷ್ಠ ವಯಸ್ಸು ಕನಿಷ್ಠ ದಿನಾಂಕವಾಗುತ್ತದೆ. 1993ರ ಆಗಸ್ಟ್ 1ರಂದು ಹುಟ್ಟಿದವರಿಗೆ ಆ ದಿನಕ್ಕೆ ಸರಿಯಾಗಿ 32 ತುಂಬಿತು, ಅವರು ಹೊರಗೆ. ಒಂದು ದಿನ ತಡವಾಗಿ ಹುಟ್ಟಿದವರು ಒಳಗೆ. ವಯಸ್ಸಿನ ರೇಖೆಯಲ್ಲಿದ್ದ ಖಾಲಿ ಚುಕ್ಕಿ ದಿನಾಂಕದ ರೇಖೆಗೆ ಬರುವಾಗ ಒಂದು ದಿನ ಸರಿದು ತುಂಬಿದ ಚುಕ್ಕಿಯಾಯಿತು.

ಆಯೋಗ ಎರಡೂ ರೀತಿಯಲ್ಲಿ ಹೇಳಿದ್ದು ಒಳ್ಳೆಯ ಕೆಲಸ. ವಯಸ್ಸನ್ನು ಮಾತ್ರ ಹೇಳುವ ಪ್ರಕಟಣೆ ಸಿಕ್ಕಾಗ ‘ಮೀರಿರಬಾರದು’ ಎಂದರೆ ಆ ದಿನವೇ ತುಂಬಿದವರು ಒಳಗೋ ಹೊರಗೋ ಎಂಬ ತಲೆಬಿಸಿ ಅಭ್ಯರ್ಥಿಯ ಪಾಲಿಗೆ. ವರ್ಷಗಟ್ಟಲೆ ಓದಿದವರ ಕೊನೆಯ ಅವಕಾಶ ಒಂದು ಪದದ ಮೇಲೆ ನಿಲ್ಲಬಾರದು. ನೇಮಕಾತಿ ಮಾಡುವ ಎಲ್ಲರೂ ಹುಟ್ಟಿದ ದಿನಾಂಕದ ಎರಡೂ ತುದಿಗಳನ್ನು ಸ್ಪಷ್ಟವಾಗಿ ಬರೆಯಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೂ ಇದೇ ರೇಖೆ ಆಸರೆ. ರೀಸನಿಂಗ್ ಭಾಗದಲ್ಲಿ ‘ಎ > ಬಿ ≥ ಸಿ’ ಎಂದು ಕೊಟ್ಟು ಯಾವ ತೀರ್ಮಾನ ಸರಿ ಎಂದು ಕೇಳುತ್ತಾರೆ. ಮೂರು ಚುಕ್ಕಿಗಳನ್ನು ರೇಖೆಯ ಮೇಲಿಟ್ಟರೆ ಎ ಎಂಬುದು ಸಿಗಿಂತ ದೊಡ್ಡದೇ ಆಗಿರಬೇಕು ಎಂಬುದು ತಾನಾಗಿ ಕಾಣುತ್ತದೆ. ‘ಎ > ಬಿ < ಸಿ’ ಎಂದಾಗ ಎ ಮತ್ತು ಸಿ ಎರಡೂ ಬಿಯ ಬಲಕ್ಕಿವೆ ಎಂಬುದಷ್ಟೇ ಖಚಿತ, ಅವುಗಳಲ್ಲಿ ಯಾವುದು ಮುಂದೆ ಎಂದು ಹೇಳಲು ಬರುವುದಿಲ್ಲ. ಇದಕ್ಕೆ ಶಾರ್ಟ್‌ಕಟ್ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಎರಡು ಷರತ್ತು ಸೇರಿದಾಗ

ಒಂದೇ ಅಳತೆ ಇದ್ದರೆ ರೇಖೆ ಸಾಕು. ಎರಡು ಅಳತೆಗಳು ಸೇರಿದರೆ ಗ್ರಾಫ್ ಬೇಕು. ವಿಟಿಯು ಅಡಿಯಲ್ಲಿ ಬಿಇ ಓದುತ್ತಿರುವ ನಮ್ಮಂಥವರ ಸಿಲೆಬಸ್ ಪ್ರತಿಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2022ರ ಸ್ಕೀಮ್ ಪ್ರಕಾರ ಒಂದು ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆಯದು 50. ಪಾಸಾಗಲು ಇಂಟರ್ನಲ್ಸ್‌ನಲ್ಲಿ ಕನಿಷ್ಠ 20, ಸೆಮಿಸ್ಟರ್ ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40.

ಇಂಟರ್ನಲ್ಸ್ ಅಂಕ ಎಕ್ಸ್, ಸೆಮಿಸ್ಟರ್ ಅಂಕ ವೈ ಎಂದಿಟ್ಟುಕೊಳ್ಳಿ. ಮೊದಲ ಷರತ್ತು ಎಕ್ಸ್ ≥ 20. ಗ್ರಾಫ್ ಹಾಳೆಯಲ್ಲಿ ಅದು 20ರ ಬಳಿ ನೆಟ್ಟಗೆ ನಿಂತ ಗೆರೆ, ನಮಗೆ ಬೇಕಾದದ್ದು ಅದರ ಬಲಭಾಗ. ಎರಡನೆಯದು ವೈ ≥ 18. ಇದು ಅಡ್ಡಗೆರೆ, ಬೇಕಾದದ್ದು ಮೇಲ್ಭಾಗ. ಮೂರನೆಯದು ಎಕ್ಸ್ + ವೈ ≥ 40. ಇದು ಓರೆಯಾದ ಗೆರೆ. ಇದರ ಯಾವ ಬದಿ ಬೇಕು? ಮೂಲಬಿಂದುವನ್ನು ಹಾಕಿ ನೋಡಿ. 0 + 0 ಎಂಬುದು 40ಕ್ಕಿಂತ ಹೆಚ್ಚಲ್ಲ, ಆದ್ದರಿಂದ ಮೂಲಬಿಂದು ಇರುವ ಬದಿ ಬೇಡ, ಆಚೆ ಬದಿ ಬೇಕು. ‘ಅಥವಾ ಸಮ’ ಇರುವುದರಿಂದ ಗೆರೆಗಳೆಲ್ಲ ಅಖಂಡ. ಗಡಿ ಸೇರದಿದ್ದರೆ ಚುಕ್ಕಿಚುಕ್ಕಿ ಗೆರೆ ಹಾಕುತ್ತಿದ್ದೆವು. 50ರ ಮೇಲೆ ಅಂಕ ಇಲ್ಲದಿರುವುದರಿಂದ ಬಲಕ್ಕೂ ಮೇಲಕ್ಕೂ ಒಂದೊಂದು ಗೋಡೆ. ಉಳಿದ ಐದು ಮೂಲೆಯ ಆಕೃತಿಯೇ ಪಾಸಾಗುವ ಪ್ರದೇಶ.

ಈಗ ಎಡಗಡೆಯ ಕೆಳಮೂಲೆ ನೋಡಿ. ನೆಟ್ಟಗಿನ ಗೆರೆಯೂ ಅಡ್ಡಗೆರೆಯೂ ಸೇರುವ ಜಾಗ 20 ಮತ್ತು 18. ಎರಡು ಷರತ್ತೂ ಪಾಲನೆಯಾಗಿವೆ, ಆದರೆ ಮೊತ್ತ 38. ಓರೆ ಗೆರೆ ಆ ಮೂಲೆಯನ್ನು ಕತ್ತರಿಸಿ ಹೊರಗೆ ಹಾಕಿದೆ. ಹಾಗೆ ಹೊರಬಿದ್ದ ಪೂರ್ಣಾಂಕ ಜೋಡಿಗಳು ಮೂರೇ: 20 ಮತ್ತು 18, 20 ಮತ್ತು 19, 21 ಮತ್ತು 18. ‘ಇಂಟರ್ನಲ್ಸ್‌ನಲ್ಲೂ ಮಿನಿಮಮ್ ಬಂತು, ಎಕ್ಸಾಮ್‌ನಲ್ಲೂ ಮಿನಿಮಮ್ ಬಂತು, ಆದರೂ ಫೇಲ್ ಯಾಕೆ?’ ಎಂಬ ಗೊಂದಲಕ್ಕೆ ಉತ್ತರ ಈ ಪುಟ್ಟ ತ್ರಿಕೋನದಲ್ಲಿದೆ. ಮೂರು ಸಾಲಿನ ನಿಯಮವನ್ನು ಹತ್ತು ಸಲ ಓದಿದರೂ ಹೊಳೆಯದ್ದು ಒಂದು ಸಲ ಬರೆದ ಚಿತ್ರದಲ್ಲಿ ಕಾಣುತ್ತದೆ.

ಇಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿ ಬರುತ್ತದೆ: ಈ ಪ್ರದೇಶದಲ್ಲಿ ನಮಗೆ ಅತ್ಯಂತ ಅನುಕೂಲವಾದ ಬಿಂದು ಯಾವುದು? ಉದಾಹರಣೆಗೆ, ಇಂಟರ್ನಲ್ಸ್‌ನ ಒಂದು ಅಂಕಕ್ಕೆ ಒಂದು ಗಂಟೆಯ ಓದು, ಸೆಮಿಸ್ಟರ್ ಪರೀಕ್ಷೆಯ ಒಂದು ಅಂಕಕ್ಕೆ ಎರಡು ಗಂಟೆಯ ಓದು ಬೇಕು ಎಂದುಕೊಳ್ಳೋಣ. 20 ಮತ್ತು 20ರ ಮೂಲೆಯಲ್ಲಿ 60 ಗಂಟೆ, 22 ಮತ್ತು 18ರ ಮೂಲೆಯಲ್ಲಿ 58 ಗಂಟೆ. ಎರಡನೆಯದೇ ಅಗ್ಗ. ಗಂಟೆಗಳ ಲೆಕ್ಕ ತಿರುವುಮುರುವಾದರೆ ಮೊದಲನೆಯದು ಅಗ್ಗವಾಗುತ್ತದೆ. ಇಂಥ ಪ್ರದೇಶಗಳಲ್ಲಿ ಅತ್ಯುತ್ತಮ ಉತ್ತರ ಯಾವುದಾದರೂ ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ ಎಂಬುದು ದ್ವಿತೀಯ ಪಿಯುನಲ್ಲಿ ಓದುವ ಲೀನಿಯರ್ ಪ್ರೋಗ್ರಾಮಿಂಗ್‌ನ ತಿರುಳು.

ಆ ತಿರುಳು ಹುಟ್ಟಿದ್ದು ಪರೀಕ್ಷೆಗಾಗಿ ಅಲ್ಲ. ಸೋವಿಯತ್ ಒಕ್ಕೂಟದ ಪ್ಲೈವುಡ್ ಉದ್ಯಮಕ್ಕೆ ಯಂತ್ರಗಳ ಕೆಲಸವನ್ನು ಹೇಗೆ ಹಂಚಬೇಕೆಂಬ ಸಮಸ್ಯೆ ಎದುರಾಗಿತ್ತು. ಅದನ್ನು ಬಿಡಿಸಲು ಹೊರಟ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಈ ದಾರಿ ಕಂಡರು. ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತ ಉತ್ತರ ಹುಡುಕುವ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. 1975ರಲ್ಲಿ ಕಾಂಟೊರೊವಿಚ್ ಮತ್ತು ಟ್ಯಾಲಿಂಗ್ ಕೂಪ್‌ಮನ್ಸ್ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಇರುವ ಕಚ್ಚಾವಸ್ತು ಇಷ್ಟು, ಇರುವ ಸಮಯ ಇಷ್ಟು, ಇದರೊಳಗೆ ಆದಷ್ಟು ಒಳ್ಳೆಯದನ್ನು ಮಾಡು ಎಂಬ ಪ್ರಶ್ನೆಗಳೆಲ್ಲ ಬಣ್ಣ ಬಳಿದ ಪ್ರದೇಶದ ಪ್ರಶ್ನೆಗಳೇ.

ಮೆಟ್ಟಿಲನ್ನೇ ತೆಗೆದರೆ?

ಇಲ್ಲಿಯೇ ನನ್ನ ಮುಖ್ಯ ತಕರಾರು. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯಗಳನ್ನು ಹಗುರ ಮಾಡಿದಾಗ ಹನ್ನೊಂದನೇ ತರಗತಿಯ ರೇಖಾತ್ಮಕ ಅಸಮತೆಗಳ ಅಧ್ಯಾಯದಿಂದ ಎರಡು ಚರಾಕ್ಷರಗಳ ಅಸಮತೆಗಳನ್ನು ಗ್ರಾಫ್‌ನಲ್ಲಿ ಬಿಡಿಸುವ ಭಾಗವನ್ನು ಕೈಬಿಟ್ಟಿತು. ಉಳಿದದ್ದು ಸಂಖ್ಯಾರೇಖೆಯ ಮೇಲಿನ ಒಂದು ಚರಾಕ್ಷರದ ಕೆಲಸ. ನಮ್ಮ ಪಿಯು ಗಣಿತಕ್ಕೆ ಆಧಾರವೂ ಇದೇ ಎನ್‌ಸಿಇಆರ್‌ಟಿ ಪಠ್ಯ. ಆದರೆ ಹನ್ನೆರಡನೇ ತರಗತಿಯ ಲೀನಿಯರ್ ಪ್ರೋಗ್ರಾಮಿಂಗ್ ಉಳಿಯಿತು, ಅದನ್ನು ಬಿಡಿಸುವುದೂ ಗ್ರಾಫ್‌ನಲ್ಲೇ. ಅಂದರೆ ಅಟ್ಟ ಹಾಗೇ ಇದೆ, ಏಣಿಯ ನಡುವಿನ ಮೆಟ್ಟಿಲು ಹೋಗಿದೆ.

ಕೋವಿಡ್ ಕಾಲದ ಪೆಟ್ಟು ತಿಂದ ವಿದ್ಯಾರ್ಥಿಗಳ ಹೊರೆ ಇಳಿಸಬೇಕೆಂಬ ಉದ್ದೇಶ ತಪ್ಪಲ್ಲ. ಅದೇ ವಿಷಯ ಮುಂದಿನ ವರ್ಷ ಹೇಗೂ ಬರುತ್ತದಲ್ಲ ಎಂದು ವಾದಿಸುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ದ್ವಿತೀಯ ಪಿಯು ವರ್ಷ ಎಂಥದ್ದೆಂದು ಅನುಭವಿಸಿದವರಿಗೆಲ್ಲ ಗೊತ್ತು. ಬೋರ್ಡ್ ಪರೀಕ್ಷೆ, ಸಿಇಟಿ, ಜೆಇಇ ಒಂದರ ಹಿಂದೊಂದು. ಆ ಗಡಿಬಿಡಿಯಲ್ಲಿ ಗೆರೆಯ ಯಾವ ಬದಿಗೆ ಬಣ್ಣ ಬಳಿಯಬೇಕು, ಯಾಕೆ ಬಳಿಯಬೇಕು ಎಂದು ನಿಧಾನವಾಗಿ ಯೋಚಿಸಲು ಪುರುಸೊತ್ತಿರುವುದಿಲ್ಲ. ಮೂಲೆಗಳ ಬೆಲೆ ಕಂಡುಹಿಡಿದು ಕೋಷ್ಟಕ ತುಂಬಿಸಿದರೆ ಅಂಕ ಬರುತ್ತದೆ. ಕೋಷ್ಟಕ ನೆನಪಿರುತ್ತದೆ, ಪ್ರದೇಶ ಮರೆತುಹೋಗುತ್ತದೆ. ಇನ್ನು ಗಣಿತವನ್ನು ಮುಂದುವರಿಸದವರಿಗೆ ಆ ಒಂದು ಅವಕಾಶವೂ ಇಲ್ಲ. ಅಧಿಸೂಚನೆಗಳನ್ನು ಓದಬೇಕಾದವರಲ್ಲಿ ಅವರೂ ಇದ್ದಾರೆ.

‘ಮೊಬೈಲ್‌ನಲ್ಲಿ ಜಿಯೋಜೀಬ್ರಾ ಇದೆ, ಡೆಸ್ಮೋಸ್ ಇದೆ, ಟೈಪ್ ಮಾಡಿದರೆ ಅದೇ ಬಣ್ಣ ಬಳಿದು ತೋರಿಸುತ್ತದೆ’ ಎಂಬ ಮಾತೂ ಇದೆ. ನಿಜ, ತೋರಿಸುತ್ತದೆ. ಆದರೆ ‘ಕನಿಷ್ಠ’ ಎಂದಾಗ ಯಾವ ಚಿಹ್ನೆ, ‘ಕಡಿಮೆ ಇರಬೇಕು’ ಎಂದಾಗ ಯಾವ ಚಿಹ್ನೆ, ‘ಮತ್ತು’ ಎಂದಾಗ ಎರಡು ಪ್ರದೇಶಗಳ ಸಮಾನ ಭಾಗ, ‘ಅಥವಾ’ ಎಂದಾಗ ಎರಡನ್ನೂ ಸೇರಿಸಿದ ಭಾಗ ಎಂಬುದನ್ನು ಟೈಪ್ ಮಾಡುವ ಮೊದಲೇ ನಾವು ತಿಳಿದಿರಬೇಕು. ಮಾತನ್ನು ಚಿಹ್ನೆಯಾಗಿ ಮಾಡುವುದೇ ಕಷ್ಟದ ಭಾಗ. ಆ ಕಷ್ಟ ನಮ್ಮ ತಲೆಯ ಮೇಲೇ ಉಳಿಯುತ್ತದೆ. ಪ್ರೋಗ್ರಾಂ ಬರೆಯುವವರಿಗೂ ಇದು ಗೊತ್ತು. ಲೂಪ್‌ನಲ್ಲಿ ‘ಕಡಿಮೆ’ ಇರಬೇಕಾದ ಕಡೆ ‘ಕಡಿಮೆ ಅಥವಾ ಸಮ’ ಬಿದ್ದರೆ ಅದು ಒಂದು ಸಲ ಹೆಚ್ಚು ಸುತ್ತುತ್ತದೆ. ಕಂಪೈಲರ್ ಏನೂ ಹೇಳುವುದಿಲ್ಲ, ಉತ್ತರ ಮಾತ್ರ ತಪ್ಪುತ್ತದೆ.

ಆಗಬೇಕಾದ್ದೇನು? ಮೊದಲಿಗೆ, ಕೈಬಿಟ್ಟ ಗ್ರಾಫ್ ಭಾಗವನ್ನು ಪ್ರಥಮ ಪಿಯುಗೆ ಮತ್ತೆ ತರಬೇಕು. ಪಠ್ಯ ಬದಲಾಗುವವರೆಗೆ ಕಾಯದೆ ಎರಡು ಪೀರಿಯಡ್ ಬಿಡುವು ಮಾಡಿಕೊಂಡು ಕಲಿಸಲು ಉಪನ್ಯಾಸಕರಿಗೆ ಅಡ್ಡಿಯೇನಿಲ್ಲ. ಎರಡನೆಯದಾಗಿ, ಹತ್ತನೇ ತರಗತಿಯೊಳಗೇ ಎಲ್ಲ ಮಕ್ಕಳಿಗೂ ಸಂಖ್ಯಾರೇಖೆಯ ಮೇಲೆ ಅಸಮತೆ ಬರೆಯಲು ಬರಬೇಕು. ಅದಕ್ಕೆ ಉದಾಹರಣೆಗಳು ಪುಸ್ತಕದ ಹಣ್ಣಿನ ಬುಟ್ಟಿಗಳೇ ಆಗಬೇಕಿಲ್ಲ. ಒಂದು ನೇಮಕಾತಿ ಪ್ರಕಟಣೆ, ಒಂದು ವಿದ್ಯಾರ್ಥಿವೇತನದ ಷರತ್ತು, ಒಂದು ಫಲಿತಾಂಶದ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ‘ಇದನ್ನು ರೇಖೆಯ ಮೇಲೆ ತೋರಿಸಿ’ ಎಂದು ಕೇಳಿದರೆ ಸಾಕು.

ಪಠ್ಯ, ಇಲಾಖೆ ಎಂದು ಕಾಯುವ ಅಗತ್ಯ ಇಲ್ಲದ ಕೆಲಸವೂ ಒಂದಿದೆ, ಅದು ನಮ್ಮದೇ. ಮುಂದಿನ ಸಲ ಅರ್ಜಿ ಹಾಕುವ ಮುನ್ನ ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಷರತ್ತಿನ ಗಡಿ ಗುರುತಿಸಿ, ಚುಕ್ಕಿ ತುಂಬಿದ್ದೋ ಖಾಲಿಯೋ ನಿರ್ಧರಿಸಿ, ನಿಮ್ಮ ಜಾಗ ಎಲ್ಲಿದೆ ನೋಡಿ. ಗೆರೆಯಿಂದ ದೂರ ಒಳಗಿದ್ದರೆ ನಿಶ್ಚಿಂತೆ. ಗೆರೆಯ ಮೇಲೆಯೇ ಇದ್ದರೆ ಕೊನೆಯ ದಿನಾಂಕಕ್ಕೆ ಮೊದಲೇ ಸಹಾಯವಾಣಿಗೆ ಕರೆ ಮಾಡಿ ಕೇಳಿ. ಸೇತುವೆ ಕಟ್ಟುವ ಎಂಜಿನಿಯರ್ ಭಾರ ತಡೆಯುವಷ್ಟೇ ಬಲ ಕೊಟ್ಟು ಸುಮ್ಮನಾಗುವುದಿಲ್ಲ, ಗಡಿಯಿಂದ ಒಂದಿಷ್ಟು ದೂರ ಉಳಿಯುವಂತೆ ಲೆಕ್ಕ ಹಾಕುತ್ತಾನೆ. ಓದಿನಲ್ಲೂ ಅಷ್ಟೇ, 22 ಮತ್ತು 18ರ ಮೂಲೆ ಅಗ್ಗವೇನೋ ಹೌದು, ಅಲ್ಲಿ ಒಂದು ಅಂಕ ಜಾರಿದರೂ ಹೊರಗೆ ಬೀಳುತ್ತೇವೆ. ಬಣ್ಣ ಬಳಿದ ಜಾಗ ಒಳಗಡೆಗೂ ಬೇಕಾದಷ್ಟು ಇದೆ.